ದೀಪ ಹತ್ತದ ಹೆಸರು

ನನ್ನ ಹೆಂಡತಿಯ ತಲೆಯೊಳಗೆ ಇನ್ನೊಬ್ಬ ಗಂಡಸಿನ ಮಾತು ತುಂಬಿಸಿರಿ ಎಂದು ಸಹಿ ಹಾಕಿಕೊಟ್ಟವನು ನಾನೇ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಆದ್ದರಿಂದ ಮುಂದೆ ನಡೆದದ್ದಕ್ಕೆ ಬೇರೆಯವರನ್ನು ಬೈಯುವ ಹಕ್ಕು ನನಗಿರಲಿಲ್ಲ. ಬೈದೆ, ಅದು ಬೇರೆ ಮಾತು.

ಸಿಂದಗಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಮೋಟರು ಕಟ್ಟುವ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ಟು, ಗಿರಣಿಯ ಮೋಟರು, ಈಚೆಗೆ ಬ್ಯಾಟರಿ ಟ್ರ್ಯಾಕ್ಟರಿನವೂ ಬರುತ್ತವೆ. ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು ನಾನು. ಆದರೆ ತಂತಿ ಸುತ್ತುವುದರಲ್ಲಿ ನನ್ನನ್ನು ಹಿಡಿಯುವವರು ಈ ತಾಲ್ಲೂಕಿನಲ್ಲಿ ಇಲ್ಲ. ಸುಟ್ಟ ಮೋಟರು ಬಂದರೆ ಹಳೆಯ ಸುರುಳಿ ಕತ್ತರಿಸುವ ಮೊದಲು ಅದರ ಸುತ್ತು ಎಣಿಸಿ ಬರೆದಿಟ್ಟುಕೊಳ್ಳಬೇಕು. ಯಾರೋ ಅರೆಬುದ್ಧಿಯವನು ಮೊದಲೇ ಕಿತ್ತು ತಂದಿದ್ದರೆ, ಅದೇ ಅಳತೆಯ, ಅದೇ ಕಂಪನಿಯ ಇನ್ನೊಂದು ಮೋಟರು ಹುಡುಕಿ, ಅದರ ಸುತ್ತು ಎಣಿಸಿ ಇದಕ್ಕೆ ಹಾಕಬೇಕು. ಬೇರೆ ದಾರಿ ಇಲ್ಲ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ನನ್ನ ಹೆಂಡತಿ ನಿಂಬವ್ವ ಎಮ್ಮೆ ಹಿಂಡುತ್ತಿದ್ದಳು. ಕೈಯಿಂದ ಚರಿಗೆ ಜಾರಿತು. ಹಾಲೆಲ್ಲ ಚೆಲ್ಲಿತಲ್ಲ ಎಂದು ನಾನು ಒದರಿದೆ. ಅವಳು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ತುಟಿ ಒಂದು ಕಡೆ ಜಗ್ಗಿತು. "ತ... ತ..." ಎಂದಳು. ಅದರ ಮುಂದೆ ಮಾತು ಬರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಮಂಗಳೂರ ಕಡೆಯ ಡಾಕ್ಟರು ಪ್ರಫುಲ್ಲಾ ರೈ ನಮ್ಮೆದುರು ಬಿಡಿಸಿ ಜೋಡಿಸುವ ಒಂದು ಪ್ಲಾಸ್ಟಿಕ್ ಮೆದುಳು ಇಟ್ಟು, ತುಂಡು ತುಂಡಾಗಿ ತೆಗೆದು ತೋರಿಸಿದರು.

"ಇದು ಹಿಂದಲೆ. ಕಣ್ಣು ಕಂಡದ್ದನ್ನು ಇಲ್ಲಿ ಓದುವುದು. ಇದರ ಕೆಳಗೆ ಹೂಕೋಸಿನ ತುಣುಕಿನ ಹಾಗೆ ಉಂಟಲ್ಲ, ಇದು ಕಿರುಮೆದುಳು. ನೀವು ತಂತಿ ಸುತ್ತುವಾಗ ಕೈ ತಪ್ಪದ ಹಾಗೆ ನೋಡಿಕೊಳ್ಳುವುದು ಇದೇ. ನಡುವೆ ಈ ಪಟ್ಟಿ ಕೈಕಾಲು ಆಡಿಸುತ್ತದೆ. ಹಣೆಯ ಹಿಂದೆ ಇದು, ಬಾಯಿಗೆ ಬಂದದ್ದನ್ನೆಲ್ಲ ಆಡದ ಹಾಗೆ ತಡೆಯುವ ಭಾಗ" ಎಂದು ಹೇಳಿ ನನ್ನನ್ನೇ ನೋಡಿದರು. ಬಾಗಿಲಲ್ಲಿ ವಾರ್ಡಿನ ಕಾವಲುಗಾರನಿಗೆ ನಾನು ಬೈದದ್ದು ಅವರ ಕಿವಿಗೆ ಬಿದ್ದಿತ್ತು.

"ಮತ್ತ ಇಕಿಗೆ ಆಗಿದ್ದೆಲ್ರಿ?"

"ಎಡಗಡೆ. ಕಿವಿಯ ಮುಂದೆ, ಹುಬ್ಬಿನ ಹಿಂದೆ. ಮಾತು ಕಟ್ಟುವ ಜಾಗ. ಅಲ್ಲಿಗೆ ರಕ್ತ ಹೋಗದೆ ಒಂದು ಅಡಿಕೆಯಷ್ಟು ಸತ್ತಿದೆ. ಮಾತು ತಿಳಿಯುವ ಜಾಗ ಇನ್ನೂ ಹಿಂದೆ ಉಂಟು, ಅದಕ್ಕೆ ಏನೂ ಆಗಿಲ್ಲ. ಹಾಗಾಗಿ ನೀವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತದೆ ಮಾರಾಯ್ರೇ. ಜಾಗ್ರತೆ."

ಸತ್ತ ಜಾಗದ ಅಂಚಿನಲ್ಲಿ ಬದುಕಿರುವ ಕಣಗಳಿಗೆ ಮಾತು ಕಲಿಸುವ ಯಂತ್ರ ಆ ಆಸ್ಪತ್ರೆಗೆ ಬಂದು ಎರಡು ವರ್ಷವಾಗಿತ್ತು. ಬುರುಡೆಯ ಒಳಗೆ, ಎಡಭಾಗದ ಮೇಲೆ, ಈರುಳ್ಳಿ ಪೊರೆಯಂಥ ಒಂದು ಜಾಳಿಗೆ ಹಾಸುತ್ತಾರೆ. ಕೂರಿಸುವಾಗ ಜಾಳಿಗೆಗೆ ಸುದ್ದಿ ಮುಟ್ಟಿಸಲು ರೋಗಿಯ ತಲೆಗೂ ಒಂದು ತಂತಿಯ ಟೊಪ್ಪಿಗೆ ಹಾಕುತ್ತಾರೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಟೊಪ್ಪಿಗೆ ಹಾಕಿಕೊಂಡು ಕೂತು, ತೆರೆಯ ಮೇಲೆ ಕಂಡ ಚಿತ್ರದ ಹೆಸರು ಹೇಳುತ್ತಾರೆ. ಹೇಳುವಾಗ ಅವರ ಮೆದುಳು ಮಿಂಚುವ ರೀತಿಯನ್ನು ಯಂತ್ರ ಹಿಡಿದು ಜಾಳಿಗೆಗೆ ಕಳಿಸುತ್ತದೆ. ಅದೇ ಚಿತ್ರ ನೋಡುತ್ತ ಕೂತ ರೋಗಿಯ ಮೆದುಳು ಆ ದಾರಿಯನ್ನು ಹಿಡಿಯುತ್ತದೆ. ನಲವತ್ತು ಸಲ ಕೂರಬೇಕು. ನಡುವೆ ಹತ್ತು ದಿನ ದಾಟಿ ಬಿಟ್ಟರೆ ಕಲಿತದ್ದೆಲ್ಲ ಅಳಿಸಿಹೋಗಿ ಅಂಚಿನ ಕಣಗಳೂ ಕೈಬಿಡುತ್ತವೆ. ಇನ್ನೊಮ್ಮೆ ಹಾಕಲಾಗದು.

"ನಾ ಕೂಡ್ತೀನ್ರಿ" ಎಂದೆ. ಅಳೆದು ನೋಡಿದರು. ನನ್ನ ಮಾತಿನ ದಾರಿಗೂ ಅವಳದಕ್ಕೂ ಹೊಂದಿಕೆ ನೂರಕ್ಕೆ ಹದಿನಾಲ್ಕು.

"ಇಪ್ಪತ್ಮೂರು ವರ್ಷ ಸಂಸಾರ ಮಾಡೀನ್ರಿ ಡಾಕ್ಟರ!"

"ಆರು ವರ್ಷದ ಒಳಗೆ ಯಾರ ಬಾಯಿ ನೋಡಿ ಮಾತು ಕಲಿತದ್ದು, ಅದು ಲೆಕ್ಕಕ್ಕೆ ಬರುವುದು. ಸಂಸಾರ ಅಲ್ಲ. ಅವರ ಜೊತೆ ಒಂದೇ ಮನೆಯಲ್ಲಿ ಮಾತು ಕಲಿತವರು ಯಾರಾದರೂ ಇದ್ದಾರಾ?"

ಇದ್ದ. ನನಗೆ ಗೊತ್ತಿತ್ತು. ಎರಡು ದಿನ ಬಾಯಿ ಬಿಡಲಿಲ್ಲ. ಹಾಸ್ಟೆಲಿನಿಂದ ಓಡಿಬಂದ ಮಗಳು ಮುಕ್ತಾ ಡಾಕ್ಟರ ಎದುರು ಹೇಳಿಬಿಟ್ಟಳು: "ಬಸವಣ್ಣೆಪ್ಪ ಕಾಕಾ ಅದಾನಲ್ಲಪಾ."

ನಿಂಬವ್ವನದು ವರದಾ ನದಿ ದಂಡೆಯ ಊರು, ಇಲ್ಲಿಂದ ಒಂದು ಹಗಲಿನ ಬಸ್ ಹಾದಿ. ಅಲ್ಲಿನ ಪಂಪ್‌ಹೌಸಿನ ಮೋಟರು ಕಟ್ಟಲು ಹೋದವನು ಮೂರು ತಿಂಗಳು ನಿಂತು, ಬರುವಾಗ ಲಗ್ನದ ಮಾತು ಮುಗಿಸಿಕೊಂಡು ಬಂದಿದ್ದೆ. ಅವಳನ್ನು ಸೋದರಮಾವನ ಮಗ ಬಸವಣ್ಣೆಪ್ಪನಿಗೆ ಕೊಡುವುದೆಂದು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಆಡಿಕೊಂಡಿದ್ದರಂತೆ. ಇಬ್ಬರನ್ನೂ ಬೆಳೆಸಿದವಳು ಒಬ್ಬಳೇ ಅಜ್ಜಿ. ಆ ಮಾತು ಹೇಗೆ ಮುರಿಯಿತೋ ನಾನು ಕೇಳಲಿಲ್ಲ. ಹೆಣ್ಣು ನನಗೆ ಸಿಕ್ಕಳಲ್ಲ, ಕೇಳುವುದೇಕೆ? ಆದರೆ ಕೇಳದೆ ಉಳಿದ ಪ್ರಶ್ನೆ ಇಪ್ಪತ್ಮೂರು ವರ್ಷ ಒಳಗೇ ಕೂತು ಕುದಿಯಿತು.

ಲಗ್ನದ ದಿನ ನಮ್ಮ ಮನೆಯ ಹೊಸ್ತಿಲಲ್ಲಿ ನನ್ನ ಅಕ್ಕತಂಗಿಯರು ಅವಳನ್ನು ತಡೆದು, ಒಡಪು ಹೇಳಿದರೇ ಒಳಗೆ ಬಿಡುತ್ತೇವೆ ಎಂದರು. ಗಂಡನ ಹೆಸರನ್ನು ಬಾಯಲ್ಲಿ ಹಿಡಿಯದ ಹೆಂಗಸರು ಅದನ್ನು ಎರಡು ಸಾಲಿನ ಪದದಲ್ಲಿ ಸೇರಿಸಿ ಹೇಳುವ ಪದ್ಧತಿ. ಅವಳು ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೀಗರ ಗುಂಪಿನಲ್ಲಿದ್ದ ಬಸವಣ್ಣೆಪ್ಪ. ನನ್ನ ಕಿವಿಗೆ ಒಡಪು ಬೀಳಲಿಲ್ಲ, ಅವನ ನಗು ಬಿತ್ತು. ಮಗಳ ಹೆಸರಿಡುವ ದಿನವೂ ಹೇಳಿದಳಂತೆ. ಅಂದು ನಾನು ಯಾರದೋ ಕೊಳವೆಬಾವಿಗೆ ಮೋಟರು ಇಳಿಸಲು ಹೋಗಿದ್ದೆ.

ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕೂಗುತ್ತಾರೆ. ನಿಂಬವ್ವ ಹಳೆಯ ರೀತಿಯವಳು. "ಏನ್ರೀ", "ಕೇಳಿತೇನ್ರೀ", ಅಷ್ಟೇ.

ಬಸವಣ್ಣೆಪ್ಪನನ್ನು ಅಳೆದರು. ನೂರಕ್ಕೆ ಎಪ್ಪತ್ತಾರು.

*

ಅವನು ನದಿ ದಂಡೆಯಲ್ಲಿ ಮಿರ್ಚಿ ಭಜಿಯ ಹೊಟೇಲು ಇಟ್ಟವನು. ಹೊಟೇಲನ್ನು ಹೆಂಡತಿಗೆ ಒಪ್ಪಿಸಿ ವಾರಕ್ಕೆ ಐದು ದಿನ ಬಂದು ಆಸ್ಪತ್ರೆಯ ಧರ್ಮಶಾಲೆಯಲ್ಲಿ ಇರತೊಡಗಿದ. ದಿನಕ್ಕೆ ಮುನ್ನೂರು ಜನರ ಜೊತೆ ಮಾತಾಡಿ ರೂಢಿ. ಡಾಕ್ಟರಿಂದ ಹಿಡಿದು ಕಸ ಹೊಡೆಯುವವರವರೆಗೆ ಎಲ್ಲರೂ ಅವನ ಬಾಯಲ್ಲಿ "ತಮ್ಮಾ", "ತಂಗೀ". ಟೊಪ್ಪಿಗೆ ಹಾಕಿ ಕೂರಿಸಿದ ಮೊದಲ ದಿನವೇ ಯಂತ್ರ ನೋಡಿಕೊಳ್ಳುವವನಿಗೆ ತಲೆ ಕೆಟ್ಟಿತು.

"ತಂಬಿಗಿ" ಎಂದ ಬಸವಣ್ಣೆಪ್ಪ, ತೆರೆಯ ಮೇಲಿನ ಚಿತ್ರ ನೋಡಿ. "ಇಂಥಾದ್ರಾಗ ನಮ್ಮಜ್ಜಿ ಮಜ್ಜಿಗಿ ಕೊಡ್ತಿದ್ಲು. ಇಕಿ ಅರ್ಧಾ ಕುಡದು ಉಳದದ್ದು ಬೆಕ್ಕಿಗೆ ಹಾಕಿ ನನ್ನ ಹೆಸರು ಹೇಳ್ತಿದ್ಲು."

"ಒಂದೇ ಶಬ್ದ ಹೇಳ್ರೀ ಯಜಮಾನ್ರ."

"ಒಂದ ಶಬ್ದ ಹೇಳಿ ಸುಮ್ನ ಕೂಡಾಕ ನಾ ಏನ್ ಗಡಿಯಾರೇನೋ ತಮ್ಮಾ?"

ಗಾಜಿನ ಆಚೆ ನಿಂಬವ್ವ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅದು ಮೊದಲ ನಗು. ಅದು ನನ್ನಿಂದ ಬಂದಿರಲಿಲ್ಲ.

ಏಳನೆಯ ಸಲ ಕೂತಾಗ ಅವಳು "ತಂಬಿಗಿ" ಎಂದಳು. ಸ್ಪಷ್ಟವಾಗಿ. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆಚೆ ಕೋಣೆಯಲ್ಲಿ ಅವನು ಚಪ್ಪಾಳೆ ತಟ್ಟಿ ಕುಣಿದ. ಕಣ್ಣೀರು ಅಲ್ಲೇ ಆರಿತು.

ಡಾಕ್ಟರನ್ನು ಒಮ್ಮೆ ಕೇಳಿಯೇಬಿಟ್ಟೆ. "ಸಿಟ್ಟು ಎಲ್ಲಿರತೈತ್ರಿ ಇದರಾಗ?"

ಅವರು ಪ್ಲಾಸ್ಟಿಕ್ ಮೆದುಳಿನ ಆಳದಿಂದ ಬಾದಾಮಿಯಂಥ ಒಂದು ಗಂಟು ತೆಗೆದರು. "ಹೆದರಿಕೆ, ಸಿಟ್ಟು ಎರಡೂ ಇಲ್ಲಿ ಹೊತ್ತಿಕೊಳ್ಳುವುದು."

"ಹೊಟ್ಟಿಕಿಚ್ಚು?"

"ಅದಕ್ಕೆ ಇಂಥದೇ ಒಂದು ಜಾಗ ಅಂತ ಇಲ್ಲ. ನೋವಿನದ್ದು, ಹೆದರಿಕೆಯದ್ದು, ನೆನಪಿನದ್ದು ಎಲ್ಲ ಸೇರಿ ಹತ್ತುತ್ತದೆ." ಆ ಗಂಟನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತ ಕೇಳಿದರು: "ಯಾರಿಗೆ?"

"ಸುಮ್ನ ಕೇಳಿದೆ."

*

ಮನೆಗೆ ಬಂದು ಹೋಗಿ ಮಾಡುತ್ತಿದ್ದೆವು. ಶನಿವಾರ, ಭಾನುವಾರ ಸಿಂದಗಿಯಲ್ಲಿ. ಮಾತು ದಿನಕ್ಕೆ ಹತ್ತು ಹನ್ನೆರಡು ಬರತೊಡಗಿದವು. ಬಂದ ಮಾತು ಬರಿಗೈಯಲ್ಲಿ ಬರಲಿಲ್ಲ. ಯಾವ ಮಾತಿಗೂ ಮೊದಲು "ಅದು ಹಂಗಲ್ಲ" ಎನ್ನುತ್ತಿದ್ದಳು, ಬಸವಣ್ಣೆಪ್ಪ ಎನ್ನುವ ಹಾಗೆ. ಸಾರಿಗೆ ಉಪ್ಪು ಹೆಚ್ಚಾದರೆ ಅವನ ಹಾಗೇ ನಾಲಿಗೆ ಲೊಚಗುಟ್ಟುತ್ತಿದ್ದಳು. ನನ್ನ ಮನೆಯ ಅಡುಗೆಮನೆಯಲ್ಲಿ ಅವನು ಓಡಾಡಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಿಂಬವ್ವ ಚಹದ ಕಿಟಲಿ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಏ ತಮ್ಮಾ, ಚಾ ಕುಡೀತಿ?"

ನನ್ನನ್ನೇ ಕೇಳಿದ್ದು. ಗಿರಾಕಿಗಳಲ್ಲಿ ಒಬ್ಬ ಮುಖ ಮುಚ್ಚಿಕೊಂಡ. ಇನ್ನೊಬ್ಬ ಅಷ್ಟೂ ಮಾಡಲಿಲ್ಲ. "ಸಿದರಾಯಪ್ಪಣ್ಣಾ, ಎಂದಿನಿಂದ ತಮ್ಮ ಆದೀಪಾ?" ಎಂದ.

ಕೈಯಲ್ಲಿದ್ದ ಇಕ್ಕಳ ಎಸೆದೆ. ಗೋಡೆಗೆ ಬಡಿದು ಬಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದು ಏನೋ ಪ್ರಯತ್ನಿಸಿದಳು. "ರ... ರ..." ಎಂದು ತುಟಿ ಅದುರಿತು. "ರೀ" ಬರಲಿಲ್ಲ. ಬಸವಣ್ಣೆಪ್ಪನ ತಲೆಯಲ್ಲಿ ಗಂಡನನ್ನು ಕರೆಯುವ ದಾರಿ ಎಲ್ಲಿಂದ ಇರಬೇಕು? ಇಲ್ಲದ್ದು ಇವಳಿಗೆ ಹೇಗೆ ಬಂದೀತು? ಇದು ಈಗ ತಿಳಿಯುತ್ತದೆ. ಅವತ್ತು ನನಗೆ ಕಂಡದ್ದು ಒಂದೇ: ನನ್ನನ್ನು ಕರೆಯುವ ಮಾತನ್ನು ಅವನು ಒರೆಸಿ ಹಾಕಿದ್ದಾನೆ.

*

ಇಪ್ಪತ್ತೊಂಬತ್ತನೆಯ ಸಲದ ನಂತರ ಪರೀಕ್ಷೆ. ಅವಳೆದುರು ಒಂದೊಂದೇ ಫೋಟೋ ಹಿಡಿಯುತ್ತಾರೆ. ಹೆಸರು ಬಾಯಿಗೆ ಬರಲಿ ಬಿಡಲಿ, ಒಳಗೆ ಆ ಹೆಸರಿನ ದಾರಿ ಎಚ್ಚೆತ್ತರೆ ಜಾಳಿಗೆ ಅದನ್ನು ಹಿಡಿದು ಗೋಡೆಯ ಫಲಕದಲ್ಲಿ ಹಸಿರು ದೀಪ ಹತ್ತಿಸುತ್ತದೆ. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಬಸವಣ್ಣೆಪ್ಪ ಬಾಗಿಲಿಗೆ ಒರಗಿದ್ದ.

ಮುಕ್ತಾಳ ಫೋಟೋ. ದೀಪ. "ಮುಕ್ತಾ" ಎಂದಳು.

ಸತ್ತುಹೋದ ಅಜ್ಜಿ. ದೀಪ.

ಬಸವಣ್ಣೆಪ್ಪ. ಫೋಟೋ ಪೂರ್ತಿ ಮೇಲೆತ್ತುವ ಮೊದಲೇ ಫಲಕ ಝಗ್ಗೆಂದಿತು. "ಬಸ್ಯಾ" ಎಂದಳು, ಚಿಕ್ಕಂದಿನಲ್ಲಿ ಕರೆದ ಹಾಗೆ. ಅವನು ಬಾಗಿಲಲ್ಲಿ "ಓಯ್" ಎಂದ.

ನಮ್ಮ ಎಮ್ಮೆ. ಅದಕ್ಕೂ ದೀಪ. "ಚಂದ್ರಿ."

ನನ್ನ ಫೋಟೋ ಹಿಡಿದರು. ಅಂಗಡಿಯ ಮುಂದೆ ನಿಂತು ತೆಗೆಸಿಕೊಂಡದ್ದು. ಅವಳು ನೋಡಿದಳು, ನೋಡಿಯೇ ನೋಡಿದಳು. ಫಲಕ ಕಪ್ಪಗಿತ್ತು. ಇನ್ನೊಮ್ಮೆ ಹಿಡಿದರು. ಮೂರನೆಯ ಸಲ ಹಿಡಿದರು. ಒಂದು ಕಿಡಿಯೂ ಹಾರಲಿಲ್ಲ.

"ನಮ್ಮಾಕಿ ಗಂಡನ ಹೆಸರು ಹೇಳೂದಿಲ್ರಿ. ಪದ್ಧತಿ ಇಲ್ಲ" ಎಂದೆ. ದನಿ ನನಗೇ ಬೇರೆಯವರದಾಗಿ ಕೇಳಿಸಿತು.

"ಬಾಯಿಯಿಂದ ಹೇಳುವುದು ಬೇಡ. ಮನಸ್ಸಿನಲ್ಲಿ ಬಂದರೂ ದೀಪ ಹತ್ತುತ್ತದೆ" ಎಂದು ಡಾಕ್ಟರು ಕಾಗದದಲ್ಲಿ ಏನೋ ಗುರುತು ಹಾಕಿದರು. "ಒಂದು ಹೆಸರು ಹೇಳಿ ಹೇಳಿ ದಾರಿ ಆಗುವುದು, ಸಿದರಾಯಪ್ಪನವರೇ. ಇಪ್ಪತ್ಮೂರು ವರ್ಷ ಹೇಳದೇ ಇದ್ದರೆ ಆ ದಾರಿ ಆಗಿಯೇ ಇಲ್ಲ ಅಂತ ಕಾಣುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಮರೆತಿದ್ದಾರೆ ಅಂತ ಅಲ್ಲ ಇದು."

ಬೇಜಾರಂತೆ! ಎಮ್ಮೆಗೆ ದಾರಿ ಇದೆ. ತೊಟ್ಟಿಲಿನ ಗಂಡನಿಗೆ ದಾರಿ ಇದೆ, ಕೂಗುವ ಮೊದಲೇ ಝಗ್ಗೆನ್ನುವ ದಾರಿ. ತಾಳಿ ಕಟ್ಟಿದವನಿಗೆ ಕಾಲುಹಾದಿಯೂ ಇಲ್ಲ.

"ಇರ್ಲಿ ಬಿಡೋ ತಮ್ಮಾ, ಯಂತ್ರಕ್ಕ ಏನ್ ತಿಳೀತೈತಿ" ಎಂದು ಬಸವಣ್ಣೆಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ.

ಆ ಕೈಯನ್ನು ಕಿತ್ತೆಸೆದೆ. ಅವಳ ತಲೆಯ ಟೊಪ್ಪಿಗೆಯ ತಂತಿ ಎಳೆದು ಹಾಕಿದೆ. "ಸಾಕು! ನನ್ನ ಹೇಂತಿ ಮೂಕಿಯಾಗಿ ಇರಲಿ. ನಿನ್ನ ಬಾಯಿ ಅಕಿಗೆ ಬ್ಯಾಡ!" ಎಂದು ಆಸ್ಪತ್ರೆಯೆಲ್ಲ ಕೇಳುವ ಹಾಗೆ ಒದರಿದೆ. ಹಣೆಯ ಹಿಂದಿನ ಆ ತಡೆಯುವ ಭಾಗ ನನಗೆ ದೇವರು ಕೊಟ್ಟೇ ಇಲ್ಲವೋ ಏನೋ.

ನಿಂಬವ್ವ ನನ್ನ ತೋಳು ಹಿಡಿದು "ಅದು ಹಂಗಲ್ಲ, ಅದು ಹಂಗಲ್ಲ" ಎಂದಳು. ಮುಂದಿನ ಮಾತು ಅವಳಿಗೆ ಸಿಗಲಿಲ್ಲ. ಆ ಎರಡು ಮಾತೂ ಅವನವೇ. ಇನ್ನಷ್ಟು ಉರಿದೆ. ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

"ಹತ್ತು ದಿನ. ಮರೆಯಬೇಡಿ" ಎಂದು ಡಾಕ್ಟರು ಬಸ್ಸಿನ ತನಕ ಬಂದು ಹೇಳಿ ಹೋದರು.

*

ಮೊದಲೆರಡು ದಿನ ಏನೂ ಆಗಲಿಲ್ಲ. ನೋಡಿದೆಯಾ, ಒಮ್ಮೆ ಸುತ್ತಿದ ಸುರುಳಿ ಕೂತಲ್ಲೇ ಕೂರುತ್ತದೆ, ಆ ಡಾಕ್ಟರಿಗೆ ಏನು ಗೊತ್ತು ಎಂದುಕೊಂಡೆ. ಮೂರನೆಯ ದಿನ "ಕತ್ತರಿ" ಹೋಯಿತು. ಎರಡು ಬೆರಳು ಆಡಿಸಿ ತೋರಿಸಿದಳು. ನಾಲ್ಕನೆಯ ದಿನ "ಉಳ್ಳಾಗಡ್ಡಿ", "ಕದ", "ಹಸಿವು". ಐದನೆಯ ದಿನ ಎಷ್ಟು ಹೋದವೋ ಎಣಿಸಲಿಲ್ಲ. ಅವಳು ಒಂದೊಂದು ಸಾಮಾನಿನ ಮುಂದೆ ನಿಂತು ಬಾಯಿ ತೆರೆದು, ಮುಚ್ಚಿ, ಮುಂದೆ ಹೋಗುತ್ತಿದ್ದಳು. ನನ್ನನ್ನು ಬೈಯುವ ಮಾತೂ ಅವಳಲ್ಲಿ ಉಳಿದಿರಲಿಲ್ಲ. ಬರಿ ನೋಡುತ್ತಿದ್ದಳು.

ಮುಕ್ತಾ ಫೋನ್ ಮಾಡಿದಳು. "ಅಪ್ಪಾ, ಅವ್ವಗ ಫೋನ್ ಕೊಡು."

"ಮಲಗ್ಯಾಳ."

"ಹೊತ್ತೇರಿ ಹನ್ನೊಂದಕ್ಕ? ಡಾಕ್ಟರು ಎಲ್ಲಾ ಹೇಳ್ಯಾರ ನನಗ. ನಿನಗ ಹೊಟ್ಟಿಕಿಚ್ಚಪಾ. ನಿನ್ನ ಹೊಟ್ಟಿಕಿಚ್ಚಿಗೆ ನಮ್ಮವ್ವ ಯಾಕ ಮೂಕಿ ಆಗಬೇಕು?"

"ಇಡು ಫೋನು!"

ಎಂಟನೆಯ ದಿನ ಅಂಗಡಿಯಲ್ಲಿ ಹಿಂದಿನ ದಿನ ಸುತ್ತಿಟ್ಟ ಒಂದು ಮೋಟರನ್ನು ಕೈಗೆತ್ತಿಕೊಂಡೆ. ಇನ್ನೂ ವಾರ್ನಿಶ್ ಹಾಕಿರಲಿಲ್ಲ. ಬೆರಳು ತಾಗಿದ ಕೂಡಲೇ ಅಂಚಿನ ತಂತಿಗಳು ಸಡಿಲಾಗಿ ಜಾರಿದವು. ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ: ವಾರ್ನಿಶ್ ಕುಡಿಸಿ ಸುಡುವ ತನಕ ಸುರುಳಿ ಸುರುಳಿಯಲ್ಲ, ಬರಿ ತಂತಿ. ನಲವತ್ತನೆಯ ಸಲದ ತನಕ ಅವಳ ಮಾತೂ ಅಷ್ಟೇ. ನನಗೆ ಗೊತ್ತಿದ್ದದ್ದೇ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಏಳಲಿಲ್ಲ. ಎದ್ದು ಹೋದರೆ ಅವನ ಮುಂದೆ ನಿಲ್ಲಬೇಕಲ್ಲ! ಆ ಝಗ್ಗೆಂದ ದೀಪ ಕಣ್ಣ ಮುಂದಿನಿಂದ ಹೋಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅವಳು ಪಕ್ಕದಲ್ಲಿ ನಿಂತಿದ್ದಳು. ನಾನು ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದೆ. ಹಾಲು ಏರಿತು. ಅವಳು ನೋಡಿದಳು, ನನ್ನ ಕಡೆ ತಿರುಗಿದಳು, ಏನೋ ಹೇಳಬೇಕು, ಏನೆಂದು ಸಿಗದು. ಬಲಗೈ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ.

"ಏ, ಹಾಲು! ಉಕ್ಕಾಕತ್ತೈತಿ, ಕಣ್ಣು ಎಲ್ಲಿಟ್ಟಿ? ಒಲಿ ಆರಸು! ಆರಸು ಅಂದ್ರ!" ಬಾಯಿ ತುಂಬ ನೊರೆ ಇಟ್ಟುಕೊಂಡು ಕುಣಿದಾಡುತ್ತ ಒದರಿದೆ. ನೊರೆ ಗಡ್ಡದ ಮೇಲೆ ಇಳಿಯಿತು.

ಅವಳು ನನ್ನನ್ನು ನೋಡಿದಳು. ತುಟಿ ಬಿರಿಯಿತು. ನಕ್ಕಳು. ಎಡಗೈಯಿಂದ ಒಲೆ ಆರಿಸಿ, ಹಾಲಿನ ಮೇಲೆ ಬಾಗಿ ಊದಿ, ರಾಗ ಎಳೆದು ಹಾಡಿದಳು. ಒಂದು ಅಕ್ಷರವೂ ತೊದಲಲಿಲ್ಲ.

"ಒಲಿ ಮ್ಯಾಲಿನ ಹಾಲ ಊದಿದರ ತಣ್ಣಗ,
ಸಿದರಾಯಪ್ಪನ ಸಿಟ್ಟ ನಾ ನಕ್ಕರ ಸಣ್ಣಗ."

ಹಲ್ಲುಜ್ಜುವ ಬ್ರಷ್ ಕೈಯಿಂದ ಬಿತ್ತು.

"ಏನಂದಿ? ಇನ್ನೊಮ್ಮೆ ಅನ್ನು."

ಅವಳಿಗೂ ಗಾಬರಿಯಾಗಿತ್ತು. ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಹೆಸರೊಂದನ್ನೇ ಹೇಳಲು ಹೋದಳು, "ಸ... ಸ..." ಎಂದು ನಿಂತಿತು. ಮತ್ತೆ ಹಾಲಿನ ಕಡೆ ಬಾಗಿ ಊದಿ ಮೊದಲಿನಿಂದ ಎಳೆದುಕೊಂಡಳು. ಎರಡೂ ಸಾಲು, ಮಳೆನೀರು ಇಳಿದ ಹಾಗೆ, ಇಳಿದು ಬಂದವು. ನಡುವೆ ನಾನಿದ್ದೆ.

ಮುಕ್ತಾಳಿಗೆ ಫೋನ್ ಮಾಡಿದೆ. ಅವಳು ಕೇಳಿದ ಕೂಡಲೇ ಹೇಳಿದಳು: "ಅದಾ? ಅದು ಅವ್ವನ ಲಗ್ನದ ಒಡಪು ಅಲ್ಲೇನಪಾ? ದಿನಾ ಮುಂಜಾನೆ ಹಾಲು 'ಸುಂಯ್' ಅನ್ನೂಮುಂದ ಗುಣುಗುಣು ಅಂತಿದ್ಲು. ನಾ ಸಣ್ಣಾಕಿದ್ದಾಗಿಂದ ಕೇಳೀನಿ. ನೀನು ಆವಾಗ ಅಂಗಡ್ಯಾಗ ಯಾರಿಗೋ ಬೈಕೋತ ಇರ್ತಿದ್ದಿ."

ಇಪ್ಪತ್ಮೂರು ವರ್ಷ, ದಿನವೂ. ನಾನು ಮೂವತ್ತು ಹೆಜ್ಜೆ ಆಚೆ.

ಮುಂದಿನ ಬಸ್ಸಿಗೇ ಹತ್ತಿದೆವು.

*

ಆಸ್ಪತ್ರೆಯ ಬಾಗಿಲಲ್ಲಿ ಮಿರ್ಚಿ ಕರಿದ ವಾಸನೆ. ಕ್ಯಾಂಟೀನಿನಲ್ಲಿ ಬಸವಣ್ಣೆಪ್ಪ ಮುಂಡಾಸು ಬಿಗಿದು ಬಾಣಲೆಯ ಮುಂದೆ ನಿಂತಿದ್ದ. ನಮ್ಮನ್ನು ಕಂಡು ಕೈಯ ಝಾರಿ ಸೌಟನ್ನು ಕೆಳಗಿಟ್ಟ.

"ಬಂದ್ಯಾ? ಆರು ದಿನಕ್ಕ ಬರ್ತಿ ಅಂತ ಮಾಡಿದ್ದೆ. ಒಂಬತ್ತು ಹಿಡಿತು. ಸಿಟ್ಟು ಗಟ್ಟೀದ ಐತಪಾ ನಿಂದು."

"ಊರಿಗೆ ಹೋಗಿಲ್ಲೇನು?"

"ಹೋಗಿ ಬರೂದ್ರಾಗ ನಿನ್ನ ಸಿಟ್ಟು ಇಳದ್ರ? ಇಲ್ಲೇ ಸುಮ್ನ ಕೂತ್ರ ಬಾಯಿ ಕಡೀತೈತಿ, ಅದಕ್ಕ ಕ್ಯಾಂಟೀನಿನವರಿಗೆ ಮಿರ್ಚಿ ಕಲಿಸಾಕತ್ತೀನಿ."

ಇಪ್ಪತ್ಮೂರು ವರ್ಷ ಕೇಳದ್ದನ್ನು ಆ ಎಣ್ಣೆಯ ಹೊಗೆಯಲ್ಲಿ ನಿಂತು ಕೇಳಿದೆ. "ಇಕೀನ ಯಾಕ ಮಾಡಿಕೊಳ್ಳಲಿಲ್ಲ ನೀನು?"

ಅವನು ನಿಂಬವ್ವನ ಮುಖ ನೋಡಿದ. "ಹೇಳಲೇನ್ಬೇ?" ಅವಳು ಸೆರಗು ಬಾಯಿಗೆ ಹಿಡಿದು ತಲೆಯಾಡಿಸಿದಳು. "ನಾನ ಬ್ಯಾಡಂದಿಲ್ಲೋ ತಮ್ಮಾ. ಇಕೀನ ಬಂದು ಅಂದ್ಲು: ಬಸ್ಯಾ, ನಿನ್ನ ಮಾತು ಕೇಳಿ ಕೇಳಿ ಹುಟ್ಟಿದಾಗಿಂದ ಕಿವಿ ಸೋತಾವು. ಆ ಮೋಟರಿನವ ಮಾತ ಆಡೂದಿಲ್ಲ. ಬರೇ ಬೈತಾನ. ಬೈದು ಮುಗದ ಮ್ಯಾಲ ಮಾರಿ ನೋಡಾಕ ಮಜಾ ಇರತೈತಿ ಅಂತ. ನಾ ಏನ್ ಮಾಡ್ಲಿ? ನನಗ ಅಳು ಬಂದಿತ್ತು, ಖರೇನ. ಹೊಸ್ತಿಲದಾಗ ಒಡಪು ಕೇಳಿದ ಮ್ಯಾಲ ನಗು ಬಂತು. ಅಷ್ಟ."

ಡಾಕ್ಟರು ಬೈಯಲಿಲ್ಲ. ಒಡಪಿನ ವಿಷಯ ಕೇಳಿ ಹೊರಗಿನಿಂದ ಎರಡೂ ಕಡೆ ಅಳೆಯುವ ಇನ್ನೊಂದು ಟೊಪ್ಪಿಗೆ ತಂದು ಅವಳಿಗೆ ಹಾಕಿ, ಹಾಡಲು ಹೇಳಿದರು. ಎಡಗಡೆಯ ಫಲಕ ಕಪ್ಪಗೇ ಇತ್ತು. ಬಲಗಡೆಯ ಫಲಕ ಇಡಿಯಾಗಿ ಬೆಳಗಿತು.

"ನೋಡಿ, ನಾನು ಹುಡುಕಿದ್ದು ಎಡದಲ್ಲಿ ಮಾತ್ರ. ಅಲ್ಲಿ ಇರುವುದು ಬಿಡಿ ಬಿಡಿ ಮಾತು. ಹಾಡು, ರಾಗ, ಬಾಯಿಪಾಠ ಆದ ಪದ, ಇದಕ್ಕೆಲ್ಲ ಬಲಗಡೆ ಹೆಚ್ಚು ಕೈ ಕೊಡುತ್ತದೆ. ಅಲ್ಲಿಗೆ ಕಾಯಿಲೆ ಮುಟ್ಟಿಲ್ಲ. ಆದರೆ ಅದು ಹಗ್ಗದ ಹಾಗೆ, ಪೂರ್ತಿ ಎಳೆದರೇ ಬರುವುದು. ನಡುವಿನಿಂದ ಹೆಸರು ಒಂದನ್ನೇ ಬಿಡಿಸಿ ತೆಗೆಯಲಿಕ್ಕೆ ಆಗುವುದಿಲ್ಲ." ಆಮೇಲೆ ಕಾಗದ ತೆಗೆದು ತಾವು ಹಿಂದೆ ಹಾಕಿದ ಗುರುತನ್ನು ಹೊಡೆದು ಹಾಕಿದರು. "ಒಂದು ದಿನ ತಡ ಆಗಿದ್ದರೆ ಉಳಿದದ್ದು ಎಲ್ಲ ಹೋಗುತ್ತಿತ್ತು. ಈಗ ಮಾತಾಡುವುದು ಸಾಕು. ಇಬ್ಬರೂ ಒಳಗೆ ಬನ್ನಿ."

ಹನ್ನೊಂದು ಸಲ ಉಳಿದಿತ್ತು. ಹೋದ ಮಾತುಗಳಲ್ಲಿ ಬಹಳಷ್ಟು ಮರಳಿದವು. "ಕತ್ತರಿ" ಮರಳಲಿಲ್ಲ. "ಹಸಿವು" ಮರಳಲಿಲ್ಲ. ಇವತ್ತಿಗೂ ಹೊಟ್ಟೆ ಮುಟ್ಟಿ ತೋರಿಸುತ್ತಾಳೆ. ಅಂಥವು ಮೂವತ್ತೊಂದು ಇವೆ. ಅವಷ್ಟೂ ನನ್ನ ಕೈಯಿಂದ ಹೋದವು.

ನಲವತ್ತನೆಯ ಸಲ ಕೂರುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಒಂದು ಹೆಸರು ಬಾಕಿ ಉಂಟು. ಬಸವಣ್ಣೆಪ್ಪನವರ ಬಾಯಿಯಿಂದ ನಿಮ್ಮ ಹೆಸರು ಇಪ್ಪತ್ತು ಸಲ ಹೇಳಿಸಿದರೆ ಎಡಗಡೆಯೂ ದಾರಿ ಆಗಬಹುದು. ಇವತ್ತು ಬಿಟ್ಟರೆ ಇಲ್ಲ. ಮಾಡಲಾ?"

ಗಾಜಿನ ಆಚೆ ಅವನು ಟೊಪ್ಪಿಗೆ ಹಾಕಿ ಕೂತಿದ್ದ. ನನ್ನ ಹೆಸರಿನ ದೀಪ ಹತ್ತಬೇಕಾದರೆ ಬತ್ತಿ ಅವನದೇ ಬೇಕು. ಆದರೂ ಒಳಗೆ ಹೋಗಿ ಅವನ ಮುಂದೆ ನಿಂತು ಹೇಳಿದೆ. "ಹೇಳಪಾ, ಬಸವಣ್ಣೆಪ್ಪ. ನನ್ನ ಹೆಸರು ಹೇಳು."

ಅವನು ಮೊದಲ ಸಲ ಯಾವ ಹೆಚ್ಚಿನ ಮಾತೂ ಸೇರಿಸದೆ, ತೆರೆಯ ಮೇಲಿನ ನನ್ನ ಫೋಟೋ ನೋಡಿ, ಒಂದೇ ಶಬ್ದ ಹೇಳಿದ. "ಸಿದರಾಯಪ್ಪ."

ಆಚೆ ಕೋಣೆಯಲ್ಲಿ ನಿಂಬವ್ವ ತಲೆಯೆತ್ತಿದಳು.

"ಸಿದರಾಯಪ್ಪ" ಎಂದ ಎರಡನೆಯ ಸಲ.

"ಬ್ಯಾಡ" ಎಂದಳು. ಎರಡೂ ಕೈಯಿಂದ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಳು. ಯಂತ್ರದವನು ಓಡಿದ. ಅವಳು ಅವನನ್ನು ಕೈಯಿಂದ ಸರಿಸಿ, ಗಾಜಿನ ಹತ್ತಿರ ಬಂದು, ನನ್ನನ್ನು ನೋಡುತ್ತ ತನ್ನ ತಲೆಯ ಬಲಗಡೆಯನ್ನು ಬೆರಳಿಂದ ಎರಡು ಸಲ ಕುಟ್ಟಿದಳು.

"ಐತಿ ಇಲ್ಲಿ."

ಎಡಗಡೆಯ ಫಲಕ ಕೊನೆಗೂ ಕತ್ತಲಾಗಿಯೇ ಉಳಿಯಿತು. ಡಾಕ್ಟರು ಯಂತ್ರದ ಗುಂಡಿ ಒತ್ತಿ ಆರಿಸಿದರು. ನಾನು ಆ ಕಪ್ಪು ಫಲಕವನ್ನೇ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ.

ಬಾಗಿಲಲ್ಲಿ ಅವಳ ದನಿ ಕೇಳಿತು. "ಏ ತಮ್ಮಾ, ನಡಿ. ಎಮ್ಮಿ ಹಿಂಡೂ ಹೊತ್ತಾತು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸವಣ್ಣೆಪ್ಪ. ನನಗೆ ಸಿಟ್ಟು ಬಂತು.

"ಬಂದೆ" ಎಂದೆ.